ಒತ್ತಡ ಇಳಿಸಿದೆ, ಕೆಲಸ ನಿಲ್ಲಲಿಲ್ಲ

ಗಾಳಿ ಕಂಪ್ರೆಸರಿನ ಒತ್ತಡ ನಿಯಂತ್ರಿಸುವ ರೆಗ್ಯುಲೇಟರನ್ನು 130 ಪಿಎಸ್‌ಐನಿಂದ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) 100ರ ಆಸುಪಾಸಿಗೆ ಇಳಿಸುತ್ತೇನೆಂದು ನಾನು ಹೇಳಿದಾಗ ನಮ್ಮ ವರ್ಕ್‌ಶಾಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಗಾಳಿಯ ಬಲದಿಂದ ಪೆಟ್ಟು ಕೊಟ್ಟು ನಟ್ಟು ಬಿಚ್ಚುವ ಇಂಪ್ಯಾಕ್ಟ್ ಗನ್ ಈಗಲೇ ಚಕ್ರದ ನಟ್ಟಿಗೆ ಒದ್ದಾಡುತ್ತಿದೆ, ಇನ್ನೂ ಇಳಿಸಿದರೆ ಕೈಯಲ್ಲೇ ಬಿಚ್ಚಬೇಕಾದೀತು ಎಂಬುದು ಅವರ ವಾದ. ಆದರೆ ಅವರು ನಂಬಿದ್ದ ಗೇಜು ಗನ್ ನಿಂತಿರುವಾಗಿನ ಒತ್ತಡವನ್ನು ತೋರಿಸುತ್ತಿತ್ತು. ನಾನು ಗನ್ನಿನ ಬುಡಕ್ಕೇ ಚಿಕ್ಕ ಗೇಜೊಂದನ್ನು ಕೂರಿಸಿ ಟ್ರಿಗರ್ ಒತ್ತಿದಾಗ ಮುಳ್ಳು 60ರ ಹತ್ತಿರಕ್ಕೆ ಕುಸಿಯಿತು. ಗನ್ನಿಗೆ ಬೇಕಾದದ್ದು ಓಡುವಾಗ 90. ಉಳಿದುದನ್ನೆಲ್ಲ ಕಾಲಿಂಚಿನ ಹೋಸೂ ಅದನ್ನು ಜೋಡಿಸುವ ಕಿರಿದಾದ ಕಪ್ಲರುಗಳೂ ನುಂಗುತ್ತಿದ್ದವು.

ಇಷ್ಟು ಅರ್ಥವಾಗುವುದಕ್ಕೆ ಮೊದಲು ನಾನು ಕಳೆದುಕೊಂಡ ಹಣ ಕಡಿಮೆಯದಲ್ಲ. ಅಗ್ಗವೆಂದು ಗೋಡೆಯುದ್ದಕ್ಕೂ ಗಾಳಿಗೆ ಪಿವಿಸಿ ಪೈಪು ಎಳೆದಿದ್ದೆ. ಒಂದು ಬೆಳಿಗ್ಗೆ ಅದು ಸೀಳದೆ ನೇರವಾಗಿ ಚೂರುಚೂರಾಗಿ ಸಿಡಿಯಿತು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲವೆಂಬುದು ನಮ್ಮ ಪುಣ್ಯ. ಅದನ್ನು ಕಿತ್ತು ಲೋಹದ ಪೈಪು ಹಾಕಿಸುವಾಗ ಉಳಿಸಿದ್ದ ಹಣದ ಸುಮಾರು ಮೂರು ಪಟ್ಟು ಹೋಯಿತು. ಅದೇ ವರ್ಷ ನಟ್ಟಿನ ಮೇಲೆ ಕೂರುವ, ಕೈಯಿಂದ ಬಳಸುವ ಕ್ರೋಮ್ ಸಾಕೆಟ್ಟನ್ನು ಗನ್ನಿಗೆ ಸಿಕ್ಕಿಸಿ ಒಡೆದುಕೊಂಡೆ, ಚೂರು ಕನ್ನಡಕಕ್ಕೆ ಬಡಿಯಿತು. ಅಂದಿನಿಂದ ಗನ್ನಿನ ಪೆಟ್ಟು ತಾಳುವ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟುಗಳನ್ನಲ್ಲದೆ ಬೇರೆಯದನ್ನು ಗನ್ನಿನ ಪೆಟ್ಟಿಗೆಯಲ್ಲಿ ಇಡಲು ಬಿಡುವುದಿಲ್ಲ.

ಎಲ್ಲಕ್ಕಿಂತ ಹೆದರಿಸಿದ್ದು ಹೋಸು. ಕಪ್ಲರನ್ನು ನೇರವಾಗಿ ಗನ್ನಿಗೇ ಜೋಡಿಸಿದ್ದೆವು. ನಡುಕಕ್ಕೆ ಅದರ ಒಳಭಾಗ ಸವೆದು, ಒಂದು ದಿನ ಕಳಚಿಕೊಂಡ ಹೋಸು ನೆಲದ ಮೇಲೆ ಹಾವಿನಂತೆ ಹೊರಳಾಡಿ ಸಹಾಯಕನ ಮೊಣಕಾಲಿಗೆ ಬಾರಿಸಿತು. ಈಗ ಗನ್ನಿನಿಂದ ಒಂದೂವರೆ ಅಡಿಯ ಮೆತ್ತನೆಯ ತುಂಡು ಹೋಸು ಹೊರಡುತ್ತದೆ, ಅದರ ತುದಿಯಲ್ಲಿ ಕಪ್ಲರು. ಕಪ್ಲರು ಕೂಡ ಒಳಗಿನ ಗಾಳಿಯನ್ನು ಮೊದಲು ಹೊರಬಿಟ್ಟು ಆಮೇಲೆ ಕಳಚುವ ಜಾತಿಯದು. ಮುಖ್ಯ ಹೋಸು ಅರ್ಧ ಇಂಚಿನದು, ಕಾಲಿಗೆ ತೊಡರದಂತೆ ಮೇಲಿಂದ ಇಳಿಬಿಟ್ಟಿದ್ದೇನೆ. ಅದರ ತೂಕವನ್ನು ಸರಿತೂಗಿಸುವ ಬಗೆಯನ್ನು ಮಾತ್ರ ಇಲ್ಲಿ ಬರೆಯಲಾರೆ, ತಿಂಗಳುಗಟ್ಟಲೆ ಕೂತು ಕಂಡುಕೊಂಡದ್ದು. ಇಷ್ಟಕ್ಕೂ ಆದ ಖರ್ಚು ಒಂದು ಒಳ್ಳೆಯ ಗನ್ನಿನ ಬೆಲೆಯ ಮೂರನೇ ಒಂದು ಭಾಗದಷ್ಟಿರಬಹುದು. ಗೋಡೆಯಲ್ಲಿ 100 ಇದ್ದರೂ ಓಡುವ ಗನ್ನಿಗೆ ಈಗ 90 ಸಿಗುತ್ತದೆ, ಹತ್ತು ಹನ್ನೆರಡು ಸೆಕೆಂಡು ಹಿಡಿಯುತ್ತಿದ್ದ ನಟ್ಟು ನಾಲ್ಕೈದರಲ್ಲಿ ಬಿಚ್ಚುತ್ತದೆ.

ಇದರ ನಡುವೆ ಧೂಳು ಊದುವ ಗನ್ನಿನ ಮೇಲೂ ಒಂದು ಪ್ರಯೋಗ ಮಾಡಿದೆ. ಬೆಂಚಿನ ಮೇಲೆ ಕಬ್ಬಿಣದ ಪುಡಿ ಹರಡಿ 100ರಲ್ಲಿ ಊದಿದಾಗ ಅದು ಎದುರಿನ ಗೋಡೆಯವರೆಗೂ ಹಾರಿತು. 30ರಲ್ಲಿ ಊದಿದಾಗ ಕೆಲವು ಸೆಕೆಂಡು ಹೆಚ್ಚು ಹಿಡಿಯಿತಾದರೂ ಪುಡಿ ಬೆಂಚಿನ ಬುಡದಲ್ಲೇ ಬಿತ್ತು. ಅಂದೇ ಅದಕ್ಕೆ ಪ್ರತ್ಯೇಕ ರೆಗ್ಯುಲೇಟರ್ ಹಾಕಿಸಿದೆ. ಮೈಮೇಲಿನ ಧೂಳಿಗೆ ಅದನ್ನು ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದ್ದೇನೆ, ಗಾಯದ ಬಾಯಿಯಿಂದ ಗಾಳಿ ಚರ್ಮದಡಿಗೆ ನುಗ್ಗಿದರೆ ಆಗುವ ಅನಾಹುತ ದೊಡ್ಡದು.

ಚಿಕ್ಕ ಕಲ್ಲನ್ನು ಗಾಳಿಯಿಂದ ತಿರುಗಿಸಿ ಲೋಹ ಉಜ್ಜುವ ಡೈ ಗ್ರೈಂಡರಿನ ವಿಷಯದಲ್ಲಿ ನಾನು ಎಚ್ಚೆತ್ತದ್ದು ತಡವಾಗಿ. ಒತ್ತಡ ಏರಿದಷ್ಟೂ ಅದರ ವೇಗವೂ ಏರುತ್ತದೆ. 90ರಲ್ಲಿ ನಿಮಿಷಕ್ಕೆ 20,000 ಸುತ್ತು ತಿರುಗುವ ಗ್ರೈಂಡರಿಗೆ ನಾವು ಹಿಂದೆ 130 ಕೊಡುತ್ತಿದ್ದೆವು, ಕಲ್ಲಿನ ಮೇಲೆ ಬರೆದಿದ್ದ ವೇಗದ ಮಿತಿಯನ್ನು ಯಾರೂ ಓದಿರಲಿಲ್ಲ. ಈಗ ಆ ಸಾಲಿಗೂ ಬೇರೆ ರೆಗ್ಯುಲೇಟರ್ ಇದೆ, ಕಲ್ಲನ್ನು ಕೊಳ್ಳುವಾಗ ಮೊದಲು ನೋಡುವುದೇ ಆ ಅಂಕಿಯನ್ನು.