ಕ್ಲಾಸಲ್ಲೇ ನಿಂಬೆ ಶರಬತ್ ಅಂಗಡಿ ಆಟ ಆಡ್ಸೋದು ಹೇಗೆ

ಬಿಸಿನೆಸ್ ಬುದ್ಧಿ ಕಲಿಸ್ಬೇಕು ಅಂದ್ರೆ ಲೆಕ್ಚರ್ ಬಿಡಿ, ಅಂಗಡಿ ಇಡಿಸಿ. ಲೆಮನೇಡ್ ಸ್ಟ್ಯಾಂಡ್ ಅಂತ ಹಳೇ ಕಂಪ್ಯೂಟರ್ ಗೇಮ್ ಇದೆ, 1973ರಲ್ಲಿ ಅಮೆರಿಕಾದ ಮಿನ್ನೆಸೋಟದಲ್ಲಿ ಹುಟ್ಟಿದ್ದು, ಅದನ್ನೇ ಕಂಪ್ಯೂಟರ್ ಇಲ್ದೆ ಆಡಿಸ್ಬೋದು.

ನಾಲ್ಕು ನಾಲ್ಕು ಮಕ್ಕಳ ಟೀಮ್ ಮಾಡಿ, ಟೀಮಿಗೆ 200 ರೂಪಾಯಿ ಆಟದ ದುಡ್ಡು ಕೊಡಿ. ಒಂದು ಗ್ಲಾಸ್ ಮಾಡೋಕೆ 5 ರೂಪಾಯಿ ಖರ್ಚು. ಎಷ್ಟು ಗ್ಲಾಸ್, ಎಷ್ಟು ರೇಟು ಅಂತ ಚೀಟೀಲಿ ಬರೆದು ಕೊಟ್ಮೇಲೇನೇ ಹವಾಮಾನದ ಚೀಟಿ ಎತ್ತಬೇಕು, ಮೊದ್ಲೇ ಎತ್ತಿದ್ರೆ ಆಟ ಕೆಟ್ಟಂಗೆ. 10 ರೂಪಾಯಿ ರೇಟಿಗೆ ಬಿಸಿಲಿದ್ರೆ 30 ಗಿರಾಕಿ, ಮೋಡ ಇದ್ರೆ 15, ಮಳೆ ಬಂದ್ರೆ ಬರೀ 5. ರೇಟು ಒಂದೊಂದ್ ರೂಪಾಯಿ ಏರಿದ್ಹಾಗೆ ಇಬ್ಬಿಬ್ರು ಕಮ್ಮಿ. ಉಳಿದ ಶರಬತ್ತು ಚೆಲ್ಲಬೇಕು, ನಾಳೆಗಿಲ್ಲ.

30 ಗ್ಲಾಸ್ ಮಾಡಿ 10 ರೂಪಾಯಿಗಿಟ್ಟ ಟೀಮಿಗೆ ಮಳೆ ಚೀಟಿ ಬಂತು ಅನ್ಕೊಳ್ಳಿ, 150 ಹೋಯ್ತು, 50 ಬಂತು, ಕೈಲಿ 100 ಉಳೀತು. ಆಗ ಬೈಬೇಡಿ, ಸಮಾಧಾನನೂ ಬೇಡ, 30 ಯಾಕೆ ಅಂದ್ಕೊಂಡ್ರಿ ಅಂತಷ್ಟೇ ಕೇಳಿ, ಪಕ್ಕದ ಟೀಮ್ನೋರು ತಾವಾಗೇ ಬಾಯಿ ಹಾಕ್ತಾರೆ.

ಮೂರನೇ ರೌಂಡಲ್ಲಿ ನಿಂಬೆಹಣ್ಣಿನ ರೇಟು ಏರ್ಸಿ, ಗ್ಲಾಸಿಗೆ 8 ರೂಪಾಯಿ ಮಾಡಿ. ಸಾಲ ಬೇಕಂದ್ರೆ ಕೊಡಿ, ಆದ್ರೆ ಬಡ್ಡಿ ಹಾಕಿ (ಕ್ಲಾಸ್ ಕಳೆ ಕಟ್ಟೋದೇ ಇಲ್ಲಿ). ಐದಾರು ರೌಂಡ್ ಸಾಕು. ಜಾಸ್ತಿ ದುಡ್ಡು ಮಾಡಿದೋರಿಗೆ ಮಾತ್ರ ಚಪ್ಪಾಳೆ ಬೇಡ, ಒಮ್ಮೊಮ್ಮೆ ಅದು ಬರೀ ಲಕ್. ಪ್ರತಿ ರೌಂಡಿಗೂ ಲೆಕ್ಕ ಬರ್ದು ಪ್ಲಾನ್ ಬದಲಾಯಿಸ್ಕೊಂಡ ಟೀಮಿಗೂ ಮಾರ್ಕ್ಸ್ ಇಡಿ.