ಯುಎಎಸ್‌ಬಿ ಸ್ಲಡ್ಜಿನಿಂದ ಡಿಎನ್‌ಎ ತೆಗೆಯುವಾಗ

ಡಿಸ್ಟಿಲರಿಯ ತ್ಯಾಜ್ಯನೀರು (ಸ್ಪೆಂಟ್‌ವಾಶ್) ಹೋಗುವ ಯುಎಎಸ್‌ಬಿ ರಿಯಾಕ್ಟರ್ ಎಂದರೆ ತ್ಯಾಜ್ಯನೀರು ಕೆಳಗಿನಿಂದ ಮೇಲೆ ಹರಿದು ಗಾಳಿಯಿಲ್ಲದೆ ಕೊಳೆಯುವ ತೊಟ್ಟಿ. ಅದರ ಸೂಕ್ಷ್ಮಜೀವಿಗಳನ್ನು ಒಂದೇ ವಾಲ್ವಿನ ಮಾದರಿ ನೋಡಿ ಲೆಕ್ಕ ಹಾಕಬಾರದು. ತಳದಲ್ಲಿ ಸಾಸಿವೆ ಕಾಳಿನಂಥ ಕಪ್ಪು ಗ್ರಾನ್ಯೂಲ್ (ಜೀವಿಗಳು ಅಂಟಿಕೊಂಡ ಉಂಡೆ), ಮೇಲೆ ಬರೀ ತೇಲುವ ಪುಡಿ. ಎರಡರ ಜೀವಿಗಳೂ ಬೇರೆಬೇರೆ. ನಾನು ಕೆಳಗೆ, ನಡುವೆ, ಮೇಲೆ ಮೂರೂ ಕಡೆಯಿಂದ ತೆಗೆಯುತ್ತೇನೆ. ವಾಲ್ವ್ ತಿರುಗಿಸಿದ ಕೂಡಲೇ ಬರುವುದು ಪೈಪಿನಲ್ಲಿ ನಿಂತದ್ದು. ಅದನ್ನು ಎರಡು ಮೂರು ಲೀಟರ್ ಬಕೆಟ್ಟಿಗೆ ಬಿಟ್ಟ ನಂತರವೇ ಟ್ಯೂಬ್ ಹಿಡಿಯಬೇಕು. 50 ಮಿ.ಲೀ. ಟ್ಯೂಬಿಗೆ 40ರಷ್ಟು ಸಾಕು. ಸ್ಲಡ್ಜ್, ಅಂದರೆ ಈ ಕೆಸರು, ಟ್ಯೂಬಿನೊಳಗೂ ಗ್ಯಾಸ್ ಬಿಡುತ್ತಲೇ ಇರುತ್ತದೆ, ಐಸಿನಲ್ಲಿ ಇಡದಿದ್ದರೆ ಮುಚ್ಚಳ ಹಾರುತ್ತದೆ. ಸ್ಪೆಂಟ್‌ವಾಶಿನಲ್ಲಿ ಸಲ್ಫೇಟ್ ಜಾಸ್ತಿ, ಹಾಗಾಗಿ ಹೈಡ್ರೋಜನ್ ಸಲ್ಫೈಡ್ ಮೀಟರ್ ಇಲ್ಲದೆ ಪೋರ್ಟ್ ಹತ್ತಿರ ಹೋಗಬೇಡಿ. 100 ಪಿಪಿಎಂ ಆಸುಪಾಸಿಗೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ.

ಲ್ಯಾಬಿನಲ್ಲಿ ಗ್ರಾನ್ಯೂಲನ್ನು ಫಾಸ್ಫೇಟ್ ಬಫರಿನಲ್ಲಿ ಎರಡು ಸಲ ತೊಳೆದು, ಅರೆದು, 0.25 ಗ್ರಾಂ ತೂಗಿ ಡಿಎನ್‌ಎ ತೆಗೆಯುವ ಕಿಟ್ಟಿಗೆ ಹಾಕುತ್ತೇನೆ. ಉಳಿದದ್ದು ಮೈನಸ್ 80 ಡಿಗ್ರಿಗೆ. ಜೀವಕೋಶ ಒಡೆಯಲು ಸಣ್ಣ ಮಣಿಗಳ ಜೊತೆ ಕುಲುಕುವ ಹಂತದಲ್ಲಿ ಅವಸರ ಮಾಡಿದರೆ ಕೆಟ್ಟಿತು. ಮೀಥೇನ್ ಮಾಡುವ ಮೆಥನೊಥ್ರಿಕ್ಸ್ ಜೀವಿಯ ತಂತುಗಳಿಗೆ ಗಟ್ಟಿ ಪ್ರೋಟೀನ್ ಕವಚ ಇದೆ. ಅದು ಒಡೆಯದಿದ್ದರೆ ರಿಯಾಕ್ಟರ್ ಚೆನ್ನಾಗಿ ಓಡುತ್ತಿದ್ದರೂ ಫಲಿತಾಂಶದಲ್ಲಿ ಆ ಜೀವಿಯೇ ಕಾಣುವುದಿಲ್ಲ. ಡಿಎನ್‌ಎ ಕಂದು ಬಣ್ಣಕ್ಕೆ ತಿರುಗಿ 260/230 ಅನುಪಾತ (ಆ ಎರಡು ನ್ಯಾನೋಮೀಟರ್ ಬೆಳಕನ್ನು ಹೀರುವ ಪ್ರಮಾಣ) 1ಕ್ಕಿಂತ ಕೆಳಗಿದ್ದರೆ ಸ್ಪೆಂಟ್‌ವಾಶಿನ ಕಂದು ವಸ್ತು ಮೆಲನಾಯ್ಡಿನ್ ಜೊತೆಗೇ ಬಂದಿದೆ ಎಂದರ್ಥ. ಅದು ಡಿಎನ್‌ಎ ನಕಲು ಮಾಡುವ ಪಿಸಿಆರನ್ನು ತಡೆಯುತ್ತದೆ. ಪಿಸಿಆರ್ ಆಗದಿದ್ದಾಗ ಇನ್ನಷ್ಟು ಡಿಎನ್‌ಎ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಹತ್ತು ಪಟ್ಟು ತೆಳು ಮಾಡಿ ನೋಡಿ, ಹೆಚ್ಚಿನ ಸಲ ಬ್ಯಾಂಡ್ ಬರುತ್ತದೆ. ಹೊರಗಿನ ಡಿಎನ್‌ಎ ಸೇರಿದ್ದರೆ ಗೊತ್ತಾಗಲು ಮಾದರಿಯೇ ಇಲ್ಲದ ಖಾಲಿ ಟ್ಯೂಬೊಂದನ್ನೂ ಕೊನೆಯವರೆಗೆ ಓಡಿಸಬೇಕು.

ಮೀಥೇನ್ ಮಾಡುವವು ಆರ್ಕಿಯಾ, ಬ್ಯಾಕ್ಟೀರಿಯಾ ಅಲ್ಲ. 27ಎಫ್ ಪ್ರೈಮರ್ (ಪಿಸಿಆರಿನಲ್ಲಿ ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಣುಕು) ಬಳಸಿದರೆ ಅವೇ ತಪ್ಪಿಹೋಗುತ್ತವೆ; 515ಎಫ್–806ಆರ್ ಜೋಡಿ ಆರ್ಕಿಯಾ, ಬ್ಯಾಕ್ಟೀರಿಯಾ ಎರಡನ್ನೂ ಹಿಡಿಯುತ್ತದೆ.

ಯಾವ ಜೀವಿ ಎಷ್ಟಿದೆ ಎಂಬ ಪಟ್ಟಿ ಬಂದ ಮೇಲೆ ಶೇಕಡಾವಾರು ನೋಡಿ ತೀರ್ಪು ಕೊಡುವುದಿಲ್ಲ. ಸತ್ತ ಜೀವಿಯ ಡಿಎನ್‌ಎಯೂ ಸ್ಲಡ್ಜಿನಲ್ಲಿ ಉಳಿದಿರುತ್ತದೆ. ಅದಕ್ಕೇ ಮಾದರಿ ತೆಗೆದ ದಿನದ ವಿಎಫ್‌ಎ (ಆವಿಯಾಗುವ ಕೊಬ್ಬಿನಾಮ್ಲಗಳು), ಕ್ಷಾರತೆ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ವಿಎಫ್‌ಎ-ಕ್ಷಾರತೆ ಅನುಪಾತ 0.4 ದಾಟಿ, ಆ ಆಮ್ಲಗಳಲ್ಲೊಂದಾದ ಪ್ರೊಪಿಯೊನೇಟ್ ಏರುತ್ತಿದ್ದರೆ, ಅದನ್ನು ಒಡೆಯುವ ಸಿಂಟ್ರೊಫೊಬ್ಯಾಕ್ಟರ್ ಪಟ್ಟಿಯಲ್ಲಿ ಇದ್ದರೂ ಕೆಲಸ ನಿಂತಿದೆ ಎಂದೇ ಲೆಕ್ಕ: ಸುತ್ತ ಹೈಡ್ರೋಜನ್ ಒತ್ತಡ ವಾಯುಭಾರದ ಸುಮಾರು ಹತ್ತು ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಇಲ್ಲದಿದ್ದರೆ ಅದು ಪ್ರೊಪಿಯೊನೇಟ್ ಒಡೆಯಲಾರದು. ಫ್ಲೋರೊಸೆನ್ಸ್ ಮೈಕ್ರೋಸ್ಕೋಪ್ ಇದ್ದರೆ 420 ನ್ಯಾನೋಮೀಟರ್ ಬೆಳಕಿನಲ್ಲೂ ಒಮ್ಮೆ ನೋಡಿ. ಮೀಥೇನ್ ಮಾಡುವ ಇನ್ನೊಂದು ಜೀವಿ ಮೆಥನೊಸಾರ್ಸಿನಾದ ಗೊಂಚಲು ನೀಲಿ-ಹಸಿರಾಗಿ ಹೊಳೆಯುತ್ತದೆ. ಮೆಥನೊಥ್ರಿಕ್ಸ್‌ನಲ್ಲಿ ಹೀಗೆ ಹೊಳೆಯುವ ಎಫ್420 ಸಹಕಿಣ್ವ ಕಡಿಮೆ, ಹೊಳಪು ಮಂಕು. ಕಾಣಲಿಲ್ಲವೆಂದು ಇಲ್ಲ ಅಂತ ಬರೆಯಬೇಡಿ.