ರಿಕವರಿಗೂ ಹೋಗದ ಕಂಪ್ಯೂಟರನ್ನು ನಾನು ಎಬ್ಬಿಸಿದ್ದು ಹೀಗೆ

ವಿಂಡೋಸ್ ಕೈಕೊಟ್ಟಾಗ ಎಲ್ಲರೂ ಹೇಳುವುದು ಒಂದೇ ಮಾತು: ರಿಕವರಿ ಮೋಡ್‌ಗೆ ಹೋಗಿ ರಿಪೇರಿ ಮಾಡಿ. ಆ ರಿಕವರಿಯೇ ಬರದಿದ್ದರೆ? ಹೆಚ್ಚಿನವರು ಅಲ್ಲಿಗೆ ಕೈಚೆಲ್ಲಿ ಫಾರ್ಮ್ಯಾಟ್ ಮಾಡಿಸುತ್ತಾರೆ. ಅಷ್ಟು ಅವಸರ ಬೇಡ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸೋಮವಾರಪೇಟೆಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುತ್ತೇನೆ. ಮಳೆಗಾಲದಲ್ಲಿ ಕೆಲಸ ಜಾಸ್ತಿ. ಗಾಳಿಗೆ ಸಿಲ್ವರ್ ಓಕ್ ಮುರಿದು ಲೈನ್ ಮೇಲೆ ಬೀಳುತ್ತದೆ. ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರೆ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ಆಫ್. ಅಪ್‌ಡೇಟ್ ಅರ್ಧ ಆಗಿರುವಾಗ ಹೀಗಾದರೆ ತೊಂದರೆ ದೊಡ್ಡದು. ಮಾದಾಪುರ ಕಡೆಯ ಒಂದು ಕಾಫಿ ತೋಟದ ಆಫೀಸಿನಲ್ಲಿ ಆದದ್ದು ಅದೇ. ಅಲ್ಲಿನ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರು, ಫೋನ್ ಮಾಡಿದರು. "ಅಣ್ಣ, ಚುಕ್ಕಿ ಸುತ್ತುತ್ತಾ ಇರ್ತದೆ, ಆಮೇಲೆ ಕಪ್ಪಗಾಗಿ ಮತ್ತೆ ಮೊದಲಿಂದ ಶುರು. ಶನಿವಾರ ಬಟವಾಡೆ. ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಎಲ್ಲಾ ಅದರಲ್ಲೇ ಉಂಟು."

ವಿಂಡೋಸ್ ಶುರುವಾಗುವಾಗಲೇ ಪವರ್ ಬಟನ್ ಒತ್ತಿ ಹಿಡಿದು ಎರಡು ಸಲ ಆಫ್ ಮಾಡಿದರೆ, ಮುಂದಿನ ಸಲ ಅದು ತಾನಾಗಿಯೇ ರಿಪೇರಿ ಪರದೆಗೆ ಹೋಗಬೇಕು. ಇಲ್ಲಿ ಹೋಗಲಿಲ್ಲ. ಅದೇ ಲೋಗೋ, ಅದೇ ಚುಕ್ಕಿ. ಎಫ್11 ಒತ್ತಿದರೂ ಏನೂ ಇಲ್ಲ. ಎಫ್8 ಅಂತೂ ವಿಂಡೋಸ್ 8 ಬಂದಾಗಿನಿಂದ ಸುಮ್ನೆ ಒತ್ತಿದರೆ ಕೆಲಸ ಮಾಡುವುದಿಲ್ಲ.

ಹೀಗಾದಾಗ ನಾನು ಮೊದಲು ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ಬರುವ ಕಂಪ್ಯೂಟರಿನ ಸೆಟ್ಟಿಂಗ್ ಪರದೆ, ತೆರೆಯುತ್ತೇನೆ. ಡಿಸ್ಕಿನ ಹೆಸರು ಅಲ್ಲಿ ಕಾಣುತ್ತದೆಯೇ? ಕಾಣದಿದ್ದರೆ ವಿಂಡೋಸನ್ನು ಬೈದು ಪ್ರಯೋಜನವಿಲ್ಲ. ನಮ್ಮ ಕಡೆಯ ತೇವಕ್ಕೆ ಕೇಬಲ್ ತುದಿ, ರ‍್ಯಾಮ್‌ನ ಹಲ್ಲು ಎಲ್ಲಾ ಮಂಕಾಗುತ್ತವೆ. ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿದರೆ ಎಷ್ಟೋ ಕಂಪ್ಯೂಟರ್‌ಗಳು ಎದ್ದು ಕೂರುತ್ತವೆ. ತೋಟದ ಕಂಪ್ಯೂಟರಿನಲ್ಲಿ ಡಿಸ್ಕ್ ಸರಿಯಾಗಿಯೇ ಕಾಣುತ್ತಿತ್ತು.

ಹಾಗಾದರೆ ರಿಕವರಿ ಎಲ್ಲಿ ಹೋಯಿತು? ರಿಕವರಿ ಎನ್ನುವುದು ಇನ್ನೊಂದು ಪುಟ್ಟ ವಿಂಡೋಸ್. ಕೆಲವು ನೂರು ಎಂಬಿಯ ವಿನ್‌ಆರ್‌ಇ ಡಾಟ್ ವಿಮ್ ಎಂಬ ಒಂದೇ ಫೈಲು. ಸಾಮಾನ್ಯವಾಗಿ ಅದೇ ಡಿಸ್ಕಿನ ಕಣ್ಣಿಗೆ ಕಾಣದ ಒಂದು ಭಾಗದಲ್ಲಿ, ಅಂದರೆ ಪಾರ್ಟಿಷನ್‌ನಲ್ಲಿ, ಕೂತಿರುತ್ತದೆ. ಆ ಫೈಲು ಇಲ್ಲದಿದ್ದರೆ ಯಾವ ಕೀ ಒತ್ತಿದರೂ ಅದು ಬರುವುದಿಲ್ಲ. ರೈಟರನ್ನು ಕೇಳಿದೆ. "ಹೋದ ವರ್ಷ ಸ್ಲೋ ಆಯ್ತು ಅಂತ ಎಸ್‌ಎಸ್‌ಡಿ ಹಾಕಿಸಿದ್ವಿ" ಎಂದರು. ಎಸ್‌ಎಸ್‌ಡಿ ಎಂದರೆ ವೇಗದ ಹೊಸ ಬಗೆಯ ಡಿಸ್ಕ್. ಆ ಹೊಸ ಡಿಸ್ಕಿಗೆ ಸಿ ಡ್ರೈವ್ ಮಾತ್ರ ಕಾಪಿ ಆಗಿತ್ತು, ರಿಕವರಿ ಪಾರ್ಟಿಷನ್ ಹಳೆಯ ಡಿಸ್ಕಿನಲ್ಲೇ ಉಳಿದಿತ್ತು. ಇನ್ನೊಂದು ಕಾರಣವನ್ನೂ ನಾನು ನೋಡಿದ್ದೇನೆ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಅಪ್‌ಡೇಟ್‌ಗೆ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಜಾಗ ಹೆಚ್ಚಿಸಲು ಮೊದಲು ರಿಕವರಿಯನ್ನು ಆಫ್ ಮಾಡಬೇಕು. ಆಫ್ ಮಾಡಿದ ಕೆಲವರು ಮತ್ತೆ ಆನ್ ಮಾಡಲೇ ಇಲ್ಲ.

ಡಿಸ್ಕಿನಲ್ಲಿ ಇಲ್ಲದ್ದನ್ನು ಪೆನ್‌ಡ್ರೈವ್‌ನಿಂದ ಕೊಡಬಹುದು. ಅಂಗಡಿಯ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿ ಪೆನ್‌ಡ್ರೈವ್ ತಯಾರು ಮಾಡಿಕೊಂಡು ಹೋದೆ. ಜೋರು ಮಳೆಯಲ್ಲಿ ತೋಟದ ನೆಟ್‌ವರ್ಕ್ ನಂಬಿ ಅಷ್ಟು ದೊಡ್ಡ ಫೈಲು ಇಳಿಸಲು ಆಗುವುದಿಲ್ಲ. ಯಾವುದರಿಂದ ಶುರುವಾಗಬೇಕು (ಬೂಟ್) ಎಂದು ಆರಿಸುವ ಬೂಟ್ ಮೆನುವಿಗೆ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಇನ್‌ಸ್ಟಾಲ್ ಪರದೆ ಬಂದಾಗ ಇನ್‌ಸ್ಟಾಲ್ ಒತ್ತಲಿಲ್ಲ. ಶಿಫ್ಟ್ ಹಿಡಿದು ಎಫ್10 ಒತ್ತಿದೆ. ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿ ತೆರೆಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ರಿಪೇರಿಗೆ ಕೈ ಹಾಕುವ ಮೊದಲು ಫೈಲು ಹೊರಗೆ ತೆಗೆಯಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಆ ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಕೊಡಿ. ನೋಟ್‌ಪ್ಯಾಡ್ ತೆರೆಯುತ್ತದೆ. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ಆಲ್ ಫೈಲ್ಸ್ ಎಂದು ಆರಿಸಿ. ಈಗ ಕಂಪ್ಯೂಟರಿನ ಎಲ್ಲ ಡ್ರೈವ್‌ಗಳೂ ಕಾಣುತ್ತವೆ. ಅಲ್ಲೇ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಇನ್ನೊಂದು ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಕಾಪಿ ಆಗುವಾಗ ಪರದೆಯಲ್ಲಿ ಏನೂ ಕಾಣದೇ ಇರಬಹುದು, ಕಾಯಬೇಕು. ಚೆಕ್‌ರೋಲ್, ಕಾಫಿ ಮಾರಾಟದ ಲೆಕ್ಕ, ಗೊಬ್ಬರದ ಬಿಲ್ಲು ಎಲ್ಲಾ ಹೀಗೆ ಹೊರಗೆ ಬಂತು. ಫೋಲ್ಡರ್ ತೆರೆದು ತೋರಿಸಿದ ಮೇಲೆ ರೈಟರ್ ಮುಖದಲ್ಲಿ ಗೆಲುವು ಬಂತು.

ಲ್ಯಾಪ್‌ಟಾಪ್ ಆದರೆ ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇರಬಹುದು. ಆಗ 48 ಅಂಕಿಯ ಕೀ ಕೊಡದೆ ಡ್ರೈವ್ ತೆರೆಯುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದ ಲ್ಯಾಪ್‌ಟಾಪ್ ಆದರೆ ಆ ಕೀ ಸಾಮಾನ್ಯವಾಗಿ ಅದೇ ಅಕೌಂಟಿನಲ್ಲಿ ಇರುತ್ತದೆ. ಮೊಬೈಲಿನಲ್ಲೇ ನೋಡಬಹುದು.

ಆಮೇಲೆ ರಿಪೇರಿ. ಅದೇ ಕಪ್ಪು ಕಿಟಕಿಯಲ್ಲಿ ಡಿಸ್ಕ್‌ಪಾರ್ಟ್ ತೆರೆದು, ಡ್ರೈವ್‌ಗಳ ಪಟ್ಟಿ ತೋರಿಸುವ ಲಿಸ್ಟ್ ವಾಲ್ಯೂಮ್ ಕೊಟ್ಟು ನೋಡಿದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಡ್ರೈವ್‌ನ ಅಕ್ಷರ ಬದಲಾಗಬಹುದು. ಇಲ್ಲಿ ವಿಂಡೋಸ್ ಇದ್ದದ್ದು ಡಿ ಎಂಬ ಹೆಸರಿನಲ್ಲಿ. ಇದನ್ನು ನೋಡದೆ ಕಮಾಂಡ್ ಕೊಟ್ಟರೆ ಬೇರೆ ಡ್ರೈವ್ ಮೇಲೆ ಕೆಲಸ ಆಗುತ್ತದೆ. ಮೊದಲು ಡಿಸ್ಕಿನ ತಪ್ಪು ಹುಡುಕುವ ಚೆಕ್‌ಡಿಸ್ಕ್ ಓಡಿಸಿದೆ. ಆಮೇಲೆ ವಿಂಡೋಸ್ ರಿಪೇರಿಯ ಡಿಸ್ಮ್ ಕಮಾಂಡಿನಲ್ಲಿ ಇಮೇಜ್ ಎಂದು ಡಿ ಡ್ರೈವ್ ತೋರಿಸಿ, ಕ್ಲೀನಪ್-ಇಮೇಜ್ ಜೊತೆ ರಿವರ್ಟ್‌ಪೆಂಡಿಂಗ್‌ಆಕ್ಷನ್ಸ್ ಕೊಟ್ಟೆ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಹಿಂದಕ್ಕೆ ತೆಗೆಯುವ ಕಮಾಂಡ್ ಇದು, ಕರೆಂಟು ಹೋಗಿ ಕೆಟ್ಟ ಕಂಪ್ಯೂಟರಿಗೆ ಹೇಳಿ ಮಾಡಿಸಿದ್ದು. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದೆ. ಲಾಗಿನ್ ಪರದೆ ಬಂತು.

ಇಷ್ಟಕ್ಕೇ ಬಿಟ್ಟು ಬಂದರೆ ಮುಂದಿನ ಗಾಳಿ ಮಳೆಗೆ ಮತ್ತೆ ಇದೇ ಕಥೆ, ಅಲ್ವಾ? ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ರಿಕವರಿಯ ಸ್ಥಿತಿ ತೋರಿಸುವ ರೀಏಜೆಂಟ್‌ಸಿ ಸ್ಲ್ಯಾಶ್ ಇನ್ಫೋ ಕೊಟ್ಟೆ. ಸ್ಟೇಟಸ್ ಡಿಸೇಬಲ್ಡ್, ಲೊಕೇಷನ್ ಖಾಲಿ. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗಿನ ರಿಕವರಿ ಫೋಲ್ಡರಿನಲ್ಲೂ ವಿನ್‌ಆರ್‌ಇ ಫೈಲು ಇರಲಿಲ್ಲ. ಪೆನ್‌ಡ್ರೈವ್‌ನ ಇನ್‌ಸ್ಟಾಲ್ ಫೈಲನ್ನು ಸೆವೆನ್-ಜಿಪ್ ಎಂಬ ಗಂಟು ಬಿಚ್ಚುವ ತಂತ್ರಾಂಶದಲ್ಲಿ ತೆರೆದು, ಅದೇ ಜಾಗದಲ್ಲಿದ್ದ ಆ ಫೈಲನ್ನು ತೆಗೆದು ಇಲ್ಲಿ ಹಾಕಿದೆ. ಎರಡೂ ಒಂದೇ ವಿಂಡೋಸ್ ಆವೃತ್ತಿಯಾಗಿರುವಂತೆ ನೋಡಿಕೊಳ್ಳಬೇಕು. ರೀಏಜೆಂಟ್‌ಸಿ ಸ್ಲ್ಯಾಶ್ ಎನೇಬಲ್ ಕೊಟ್ಟ ಮೇಲೆ ಸ್ಟೇಟಸ್ ಎನೇಬಲ್ಡ್ ಆಯಿತು. ಬೇರೆ ಪಾರ್ಟಿಷನ್ ಇಲ್ಲದಿದ್ದರೂ ಸಿ ಡ್ರೈವ್‌ನಿಂದಲೇ ಅದು ಓಡುತ್ತದೆ.

ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿದೆ. ರಿಕವರಿಯ ನೀಲಿ ಪರದೆ ಬಂತು. ಅಲ್ಲಿ ಕೀಬೋರ್ಡ್ ಮತ್ತು ಮೌಸ್ ಓಡುವುದನ್ನೂ ನೋಡಿಕೊಂಡೆ. 2025ರ ಅಕ್ಟೋಬರ್ 14ರ ಅಪ್‌ಡೇಟ್ ಬಂದಾಗ ವಿಂಡೋಸ್ 11ರ ರಿಕವರಿಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಸತ್ತುಹೋಗಿದ್ದವು. ಅದೇ ತಿಂಗಳ 20ರಂದು ಅದನ್ನು ಸರಿಪಡಿಸುವ ಅಪ್‌ಡೇಟ್ ಬಂತು. ಅಂದಿನಿಂದ ನನ್ನ ಬ್ಯಾಗಿನಲ್ಲಿ ಯುಎಸ್‌ಬಿ ಅಲ್ಲದ, ದುಂಡು ಪಿನ್ನಿನ ಹಳೇ ಕೀಬೋರ್ಡ್ ಒಂದು ಇದ್ದೇ ಇರುತ್ತದೆ.

ರೈಟರ್ ಕೈಯಲ್ಲೇ ಇನ್ನೊಮ್ಮೆ ಶಿಫ್ಟ್ ಹಿಡಿಸಿ ರೀಸ್ಟಾರ್ಟ್ ಮಾಡಿಸಿದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಲು ತೋಟದ ಸಾಹುಕಾರರೂ ಒಪ್ಪಿದರು. ಬೂಟ್ ಪೆನ್‌ಡ್ರೈವ್‌ಗೆ ವಿಂಡೋಸ್ ಆವೃತ್ತಿ ಬರೆದ ಚೀಟಿ ಅಂಟಿಸಿ ಆಫೀಸಿನ ಡ್ರಾಯರಿನಲ್ಲೇ ಇಡಿಸಿ ಬಂದೆ.